ಇಳಕಲ್ಲಿನ ಉಸಿರೋದುಗಿ

ಇಳಕಲ್ಲು,
ಫೆಬ್ರವರಿ ಮೂವತ್ತು, ೨೧೭೪

ಹಿಂದಿನ ಕಾಲದ ಹಿರಿಯರಿಗೆ,

ನಿಮ್ಮ ಕ್ಯಾಲೆಂಡರಿನಲ್ಲಿ ಈ ದಿನಾಂಕವೇ ಇಲ್ಲ. ನಮ್ಮಲ್ಲಿ ತಿಂಗಳುಗಳ ದಿನಗಳನ್ನು ಮರುಹಂಚಿ ನಲವತ್ತು ವರ್ಷವಾಯಿತು. ನನ್ನ ಕೆಲವು ಮಾತು ವಿಚಿತ್ರವೆನಿಸಿದರೆ ಕ್ಷಮಿಸಬೇಕು. ನಾನು ಗುರುಬಾಯಿ ಮೇಟಿ, ಈ ಊರಿನ ಉಸಿರೋದುಗಿ. ಜನ ಊದಿದ ಉಸಿರಿನ ಆವಿಗಳನ್ನು ಯಂತ್ರದಲ್ಲಿ ಬೇರ್ಪಡಿಸಿ, ಮೈಯೊಳಗೆ ಯಾವ ರೋಗ ಮೊಳೆಯುತ್ತಿದೆ ಎಂದು ಗುರುತಿಸುವುದು ನನ್ನ ಕೆಲಸ. ಸೂಜಿಯಿಲ್ಲ, ರಕ್ತವಿಲ್ಲ. ಬೆಳಿಗ್ಗೆ ಏನೂ ತಿನ್ನದೆ, ಬಾಯಿ ಮುಕ್ಕಳಿಸಿ ಬಂದು ಒಂದು ಚೀಲ ಊದಿದರೆ ಸಾಕು.

ಆರು ವರ್ಷದ ಹಿಂದೆ, ಕಲ್ಲು ಪಾಲಿಶ್ ಮಾಡುವ ದ್ಯಾಮವ್ವ ಗೆಳತಿಯ ಒತ್ತಾಯಕ್ಕೆ ಬಂದು ಊದಿದಳು. ಕೆಮ್ಮಿಲ್ಲ, ದಣಿವಿಲ್ಲ. ಆದರೂ ಯಂತ್ರ ಶ್ವಾಸಕೋಶದ ಕ್ಯಾನ್ಸರ್ ಎಂದಿತು. ಮೂರು ದಿನ ಊದಿಸಿದೆ. ಮೂರು ದಿನವೂ ಅದೇ ಉತ್ತರ. ಆಸ್ಪತ್ರೆಯ ಸ್ಕ್ಯಾನಿನಲ್ಲಿ ಮಾತ್ರ ಏನೂ ಕಾಣಲಿಲ್ಲ.

"ಸುಮ್ಮನ ಯಾಕ ಆಕೀನ್ನ ಹೆದರಸ್ತೀರಿ, ಗುರುಬಾಯಿ?" ಎಂದರು ಡಾಕ್ಟರು.

ದ್ಯಾಮವ್ವ ನನ್ನ ಮೇಲೇ ಸಿಡುಕಿದಳು. "ದಿನಾ ಹತ್ತು ಫರಸಿ ಕಲ್ಲು ತಿಕ್ಕತೀನಿ. ನನಗೇನಾಗೇದ?"

"ಮೂರು ತಿಂಗಳ ಬಿಟ್ಟು ಇನ್ನೊಮ್ಮೆ ನೋಡೂಣು, ಯಕ್ಕಾ. ಆಗೂ ಏನೂ ಇಲ್ಲಂದ್ರ ನಾನು ಈ ಕೆಲಸಾನ ಬಿಡ್ತೀನಿ."

ಆಮೇಲೆ ಸಂತೆಯಲ್ಲಿ ಎದುರಾದರೂ ಅವಳು ಮುಖ ತಿರುಗಿಸುತ್ತಿದ್ದಳು. ನನಗೂ ಅಳುಕಿತ್ತು: ತಪ್ಪಾಗಿದ್ದರೆ? ಮೂರನೆಯ ತಿಂಗಳು ಅವಳ ಮನೆಗೇ ಹೋಗಿ ಕಟ್ಟೆಯ ಮೇಲೆ ಕುಳಿತೆ. ಒಂದು ತಾಸು ಕಾಯಿಸಿ, ಚಪ್ಪಲಿ ಮೆಟ್ಟಿಕೊಂಡು ಬಂದಳು. ಈ ಸಲದ ಸ್ಕ್ಯಾನಿನಲ್ಲಿ ಎಡ ಶ್ವಾಸಕೋಶದೊಳಗೆ ಜೋಳದ ಕಾಳಿನಷ್ಟು ಚುಕ್ಕೆ ಕಂಡಿತು. ಹರಡುವ ಮೊದಲೇ ಕತ್ತರಿಸಿ ತೆಗೆದರು.

"ನಮ್ಮ ಕಣ್ಣಿಗಿಂತ ನಿಮ್ಮ ಚೀಲ ಮುಂದ ಐತ್ರಿ," ಎಂದು ಅದೇ ಡಾಕ್ಟರು ಎದ್ದು ನಿಂತು ಕೈಮುಗಿದರು. ಅಂದು ನಾನು ತಲೆಯೆತ್ತಿ ನಡೆದೆ. ದ್ಯಾಮವ್ವ ಈಗ ಪಾಲಿಶ್ ಶೆಡ್ಡಿನ ಹೆಂಗಸರನ್ನೆಲ್ಲ ಬೈದು ಬೈದು ಕರೆತರುತ್ತಾಳೆ.

ಆದರೆ ಯಂತ್ರಕ್ಕೆ ಇದನ್ನು ಕಲಿಸಿದವರು ನೀವು. ನಿಮ್ಮ ಕಾಲದಲ್ಲಿ ಸಾವಿರಾರು ರೋಗಿಗಳು, ಗಟ್ಟಿಮುಟ್ಟಾದವರು ಸಂಶೋಧನೆಗೆಂದು ಚೀಲ ಊದಿದರು. ಹೆಚ್ಚಿನವರಿಗೆ ಅದರಿಂದ ಏನೂ ದಕ್ಕಲಿಲ್ಲ. ನಮ್ಮ ದಾಖಲೆಯಲ್ಲಿ ಅವರ ಹೆಸರಿಲ್ಲ, ಬರೀ ಸಂಖ್ಯೆ. ಆ ಸಂಖ್ಯೆಗಳ ಬಗ್ಗೆ ನನಗೆ ನನ್ನ ಕೆಲಸಕ್ಕಿಂತ ಹೆಚ್ಚು ಹೆಮ್ಮೆ.

ಒಂದೇ ಕೋರಿಕೆ. ಯಾರಾದರೂ ನಿಮ್ಮ ಮುಂದೆ ಅಂಥ ಚೀಲ ಹಿಡಿದರೆ ಅರ್ಧಕ್ಕೆ ನಿಲ್ಲಿಸಬೇಡಿ. ಪೂರ್ತಿ ಊದಿ. ರೋಗದ ಸುಳಿವು ಹೊತ್ತ ಎದೆಯಾಳದ ಗಾಳಿ ಹೊರಬರುವುದು ಕೊನೆಗೆ.

ನಿಮ್ಮ ಋಣದಲ್ಲಿರುವ,
ಗುರುಬಾಯಿ