ಹಳೆಯ ಟ್ಯಾಪೆಟ್, ಹೊಸ ಕ್ಯಾಮ್

ಕಿತ್ತೂರು
೯ ಜನವರಿ ೨೦೨೫

ಪ್ರೀತಿಯ ಅನಿಕೇತ ದಾದಾ,

ಪುಣೆಯ ಚಳಿಯಲ್ಲಿ ನಿನ್ನ ಕೆಮ್ಮು ಹೇಗಿದೆ? ಹೆತ್ತ ಕರುಳು, ಆಯಿ ದಿನಾ ಕೇಳುತ್ತಾಳೆ. ಜ್ಯೇಷ್ಠಮಧು ಮುಗಿದಿದ್ದರೆ ತಿಳಿಸು, ಕಳಿಸುತ್ತಾಳಂತೆ. ಫೋನಿನಲ್ಲಿ ಆ ಕಾರಿನ ವಿಷಯ ಎತ್ತಿದೊಡನೆ ನೀನು ಇಟ್ಟುಬಿಡುತ್ತೀ, ಅದಕ್ಕೇ ಕಾಗದ. ಬೇಕಾದರೆ ಹರಿದು ಹಾಕು, ಆದರೆ ಓದಿ ಹರಿ.

ಬೈಲಹೊಂಗಲದ ಸಚಿನ ತನ್ನ ಅಜ್ಜನ ಅಮೆರಿಕನ್ ಕಾರನ್ನು ನಮ್ಮ ಗ್ಯಾರೇಜಿಗೆ ತಂದು, ಹೆದ್ದಾರಿಯಲ್ಲಿ ಹಾರಬೇಕು, ಅಜ್ಜಿಯನ್ನು ಕೂರಿಸಿಕೊಂಡು ಸವದತ್ತಿ ಗುಡ್ಡಕ್ಕೂ ಹೋಗಬೇಕು ಅಂದಿದ್ದ. ಇಂಜಿನ್ನಿನೊಳಗೆ ತಿರುಗುವ ಆ ಉಬ್ಬುಗಳ ಸರಳು, ಕ್ಯಾಮ್ ಶಾಫ್ಟ್, ಹೊಸದು ತರಿಸುವುದೆಂದಾಯಿತು. ಅದರ ಮೇಲೆ ಕೂತು ವಾಲ್ವ್ ಎತ್ತುವ ಟ್ಯಾಪೆಟ್ ಯಾವುದಿರಬೇಕು ಎಂಬಲ್ಲಿ ನಮ್ಮಿಬ್ಬರ ಜಗಳ. ಹೈಡ್ರಾಲಿಕ್ ಹಾಕೋಣ, ಆಯಿಲ್ ತುಂಬಿಕೊಂಡು ತಾನೇ ಗ್ಯಾಪ್ ಸರಿಮಾಡಿಕೊಳ್ಳುತ್ತದೆ, ಸದ್ದಿಲ್ಲ, ಮನೆಮಂದಿಯ ಗಾಡಿಗೆ ಅದೇ ಸರಿ ಅಂದೆ ನಾನು. “ರೇಸಿನ ಗಾಡಿ ಹಂಗ ಟಕಟಕ ಅನಬೇಕ, ಮಂದಿ ಹೊಳ್ಳಿ ನೋಡಬೇಕ. ಸಾಲಿಡ್ ಟ್ಯಾಪೆಟ್ಟ ಹಾಕೂದು” ಅಂದೆ ನೀನು. ಅಣ್ಣನೆಂದು ಸೋತೆ. ಆದರೆ ಸಾಲಿಡ್ ಆದರೂ ಹೊಸವೇ ಬೇಕು, ಹಳೆಯವು ಹಳೆಯ ಕ್ಯಾಮಿಗೆ ಸವೆದು ಹೊಂದಿಕೊಂಡಿರುತ್ತವೆ, ಹೊಸದನ್ನು ತಿಂದುಹಾಕುತ್ತವೆ ಎಂದು ಎಷ್ಟು ಬೇಡಿಕೊಂಡೆ! ಬಾಬಾ ತಮ್ಮ ಮಕ್ಕಳಿಬ್ಬರನ್ನೂ ಕೂರಿಸಿ ಕಲಿಸಿದ ಪಾಠವಲ್ಲವೇ ಅದು?

ಹೊಸವು ಬರುವುದು ತಡವಾಯಿತು. ನಾನು ಆಯಿಯನ್ನು ಕರೆದುಕೊಂಡು ಹೂಲಿಗೆ ಅವಳ ತಂಗಿ ಮಾವಶಿಯ ಮನೆಗೆ ಹೋಗಿದ್ದಾಗ ನೀನು ಹಳೆಯವನ್ನೇ ಉಜ್ಜಿ ಹಾಕಿ ಇಂಜಿನ್ ಮುಚ್ಚಿದ್ದೆ. ಕೇಳಿದರೆ “ಹೊಸಾವ ಬಂದ್ವು, ಹಾಕೇನಿ” ಅಂದೆ. ನಂಬಿದೆ. ಹೊರಗಿನ ಉಳಿದ ಕೆಲಸ ಮುಗಿಸಿ ಸಚಿನನ ಕೈಗೆ ಕೀಲಿ ಕೊಟ್ಟವಳು ನಾನೇ.

ದೇಗಾಂವದ ಹತ್ತಿರ ಇಂಜಿನ್ ಕೆಟ್ಟು ಗಾಡಿ ನಿಂತಾಗ ಅವನ ಅಜ್ಜಿ ಶಟ್ಟೆವ್ವ ಬಿಸಿಲಲ್ಲಿ ರಸ್ತೆ ಬದಿಯ ಕಲ್ಲಿನ ಮೇಲೆ ಕೂರಬೇಕಾಯಿತಂತೆ. ಸಚಿನ ನಮ್ಮ ಬಾಗಿಲಲ್ಲಿ ನಿಂತು ಕೂಗಾಡುವಾಗ ನೀನು ಬಾಬಾರಿಗೆ ಏನು ಹೇಳಿದೆ? “ಇಂಜಿನ್ ರಂಜೀನ ಜೋಡಿಸ್ಯಾಳ, ಅಕೀನ್ನ ಕೇಳ್ರಿ.” ಹಾಗೆನ್ನುವಾಗ ನನ್ನ ಮುಖ ನೋಡಲಿಲ್ಲ. ಮರುದಿನ ಪುಣೆಯ ಬಸ್ಸು ಹತ್ತಿದೆ. ಬಾಬಾ ನನ್ನ ಪಾನಾ, ಸ್ಪ್ಯಾನರ್‌ಗಳ ಪೆಟ್ಟಿಗೆ ಎತ್ತಿ ಒಳಗಿಟ್ಟರು. ಅಂದಿನಿಂದ ನನಗೆ ಪಂಕ್ಚರ್ ಹಾಕುವುದು, ಗಾಡಿ ತೊಳೆಯುವುದು.

ಸಚಿನ ಕಾರನ್ನು ಬೈಲಹೊಂಗಲದ ಅಂದಾನೆಪ್ಪನವರ ವರ್ಕ್‌ಶಾಪಿಗೆ ಎಳೆಸಿಕೊಂಡು ಹೋದ. ಬಿಚ್ಚುವ ದಿನ ನಾನೂ ಹೋದೆ. ಕ್ಯಾಮಿನ ಉಬ್ಬುಗಳು ಸವೆದು ದುಂಡಗಾಗಿದ್ದವು. ಆಯಿಲ್ ತುಂಬ ಕಬ್ಬಿಣದ ಪುಡಿ. ಟ್ಯಾಪೆಟ್‌ಗಳ ತಳ ತಗ್ಗುಬಿದ್ದಿತ್ತು, ಎಲ್ಲವೂ ಹಳೆಯವು. ಎರಡನ್ನು ತಂದು ಬಾಬಾರ ಮುಂದಿಟ್ಟೆ. ಮುಟ್ಟಲೂ ಇಲ್ಲ. “ಅನಿಕೇತ ಹಂಗ ಮಾಡಾಂವ ಅಲ್ಲ. ನಿನ್ನ ತಪ್ಪು ಅವನ ಮ್ಯಾಲ ಹಾಕಬ್ಯಾಡ” ಅಂದರು. ಜೋಳದ ಭಕ್ಕರಿ ಬಡಿಯುತ್ತಿದ್ದ ಆಯಿ ಒಮ್ಮೆ ಕೈ ನಿಲ್ಲಿಸಿ ನನ್ನನ್ನು ನೋಡಿದಳು, ಮತ್ತೆ ಬಡಿಯತೊಡಗಿದಳು.

ಇಂಜಿನ್ ಹಾಳಾದದ್ದಕ್ಕೆ ನಾನು ಅಳಲಿಲ್ಲ, ದಾದಾ. ಬಾಬಾ ಅದನ್ನು ಮುಟ್ಟಲಿಲ್ಲವಲ್ಲ, ಅದಕ್ಕೆ ಅತ್ತೆ.

ಆಯಿಯ ಆಶೀರ್ವಾದ ನಿನಗೆ. ಹೊತ್ತುಹೊತ್ತಿಗೆ ಉಣ್ಣು.

ನಿನ್ನ ತಂಗಿ,
ರಂಜನಾ

ತಾ.ಕ.: ಟಪಾಲು ಹೊರಡುವ ಹೊತ್ತಾಯಿತು. ಆ ಇಂಜಿನನ್ನು ಮತ್ತೆ ಕಟ್ಟಲು ಅಂದಾನೆಪ್ಪನವರು ನನ್ನನ್ನೇ ಕರೆದಿದ್ದಾರೆ, ಸಚಿನನೂ ಒಪ್ಪಿದ್ದಾನೆ. ಈ ಸಲ ಹೈಡ್ರಾಲಿಕ್. ಸೋಮವಾರದಿಂದ ಬೈಲಹೊಂಗಲದಲ್ಲೇ ಇರುತ್ತೇನೆ. ಬಾಬಾರ ಕಣ್ಣಿಗೆ ಪೊರೆ ಬಂದಿದೆ, ಗ್ಯಾರೇಜು ನಡೆಸಲು ನೀನು ಬರಬೇಕು. ನಾನು ಹೋಗುವುದನ್ನು ಅವರಿಗಿನ್ನೂ ಹೇಳಿಲ್ಲ. ನೀನೇ ಫೋನ್ ಮಾಡಿ ಹೇಳು. ನಿನ್ನ ಮಾತಾದರೆ ಅವರು ನಂಬುತ್ತಾರೆ.