ಜುಹೂ ಹೋಟೆಲಿನ ವೀಳ್ಯ

೧೨-೧-೧೯೫೮, ಭಾನುವಾರ. ಬೊಂಬಾಯಿ.

ಇಷ್ಟು ಉಪಚಾರ ಯಾಕೆ? ಬೆಳಿಗ್ಗೆಯಿಂದ ಇದೊಂದೇ ಯೋಚನೆ. ಅಕ್ಕನ ಮಗ ರಮಾನಾಥ ನನ್ನನ್ನು ಬಂಟ್ವಾಳದಿಂದ ಕರೆಸಿ ಈ ಸಮುದ್ರದ ಬದಿಯ ದೊಡ್ಡ ಹೋಟೆಲಿನಲ್ಲಿ ಇಳಿಸಿದ್ದಾನೆ. ಸಮುದ್ರ ನಮ್ಮ ಉಳ್ಳಾಲದ್ದೇ; ಇಲ್ಲಿ ಅದನ್ನು ನೋಡಲಿಕ್ಕೆ ಬಾಡಿಗೆ ಬೇರೆ. ಹಾಸಿಗೆಯೋ, ಮಲಗಿದವನನ್ನು ನುಂಗುವಷ್ಟು ಮೆತ್ತಗೆ. ನಾನು ಮಕ್ಕಳಿಗೆ ಹೇಳುವ ಕಥೆಗಳಲ್ಲಿ ರಾಕ್ಷಸನ ಮನೆಯ ಊಟವೇ ಯಾವಾಗಲೂ ಹೆಚ್ಚು ರುಚಿ.

ಅವನಿಗೆ ಬೇಕಾದ್ದು ಮನೆಯ ಪಾಲು. ನಮ್ಮದು ಅಳಿಯಸಂತಾನದ ಮನೆ, ಆಸ್ತಿ ಅಕ್ಕತಂಗಿಯರ ಮಕ್ಕಳಿಗೆ. ಆದರೂ ಯಜಮಾನ ನಾನು; ನಾನು ಒಪ್ಪದೆ ಮನೆ ಒಡೆದು ಪಾಲಾಗುವುದಿಲ್ಲ. ಅವನು ಬಾಯಿಬಿಟ್ಟು ಕೇಳಲೇ ಇಲ್ಲ. ರಾತ್ರಿ ಊಟವಾದ ಮೇಲೆ ತಟ್ಟೆಯಲ್ಲಿ ವೀಳ್ಯ ತಂದು ಮುಂದೆ ಹಿಡಿದ.

"ತೆಕ್ಕೊಳ್ಳಿ ಮಾವ."

"ಹಲ್ಲುನೋವು ಮಾರಾಯ."

"ಮಧ್ಯಾಹ್ನ ಏಡಿಯ ಕಾಲು ಕಡಿಯುವಾಗ ಇರಲಿಲ್ಲವಾ?"

"ಆಗಲೇ ಸುರುವಾದದ್ದು."

ನಕ್ಕು, ತಟ್ಟೆಯನ್ನು ಮೇಜಿನ ಮೇಲೆ ಬಿಟ್ಟು ಹೋದ. ಕೊಟ್ಟ ವೀಳ್ಯ ತೆಗೆದುಕೊಂಡರೆ ಮಾತು ಕೊಟ್ಟ ಹಾಗೆ ಎಂದು ಅವನಿಗೂ ಗೊತ್ತುಂಟು.

ಈಗ ದೀಪದ ಹತ್ತಿರ ಹಿಡಿದು ನೋಡಿದೆ. ಅಡಿಕೆ ಬೊಂಬಾಯಿಯದ್ದಲ್ಲ. ಕಾಗದದಷ್ಟು ತೆಳ್ಳಗೆ, ಒಂದೂ ಮುರಿಯದ ಹಾಗೆ ಕತ್ತರಿಸುವುದು ಇವನ ತಾಯಿ ಜಲಜಾಕ್ಷಿ ಅಕ್ಕ ಮಾತ್ರ. ಅದೂ ನನಗೆಂದೇ. ಹಾಗಾದರೆ ಅವಳೂ ಇದರಲ್ಲಿ ಇದ್ದಾಳೆ. ನಾನು ಹೊರಡುವಾಗ ಬಾಗಿಲಿಗೂ ಬರಲಿಲ್ಲ. ಮೊಣಕಾಲು ನೋವು ಎಂದಳು. ನನ್ನ ಹಲ್ಲುನೋವಿನ ಹಾಗೆಯೇ ಇರಬೇಕು.

ಒಂದು ಹೋಳು ಬಾಯಿಗೆ ಹಾಕಿಕೊಂಡಿದ್ದೇನೆ. ಎಲೆ ಮುಟ್ಟಲಿಲ್ಲ. ಬರೀ ಅಡಿಕೆ ತಿಂದರೆ ಮಾತು ಕೊಟ್ಟ ಹಾಗೆ ಆಗುವುದಿಲ್ಲ. ಆಗುತ್ತದಾ?