ಹಿಗ್ಗಿದ ಬೋಲ್ಟು

ತಮ್ಮಾ,

"ಒಮ್ಮೆ ಪೂರ್ತಿ ಬಿಗಿದ ಇಂಜಿನ್ ಹೆಡ್ ಬೋಲ್ಟನ್ನು ನಂಬಬೇಡ" ಎಂದು ಅಪ್ಪ ಹೇಳುತ್ತಿದ್ದರೇ, ಅಥವಾ "ಅಳೆಯದೆ ನಂಬಬೇಡ" ಎಂದೇ? ಸರಿಯಾಗಿ ನೆನಪಿಲ್ಲ. ಅದಕ್ಕೇ ನಿನ್ನೆ ನೀನು ತೊಳೆದಿಟ್ಟಿದ್ದ ಹಳೆಯ ಬೋಲ್ಟೊಂದನ್ನು ಹೊಸದರ ಪಕ್ಕ ನಿಲ್ಲಿಸಿ ನೋಡಿದೆ. ಹಳೆಯದು ಹಿಗ್ಗಿ, ಹೊಸದಕ್ಕಿಂತ ಉಗುರಿನ ದಪ್ಪದಷ್ಟು ಹೆಚ್ಚು ಉದ್ದವಾಗಿತ್ತು.

ನಿನಗೆ ಹೇಳಿದ್ದಕ್ಕೆ ನೀನು, "ಬಿಗಿ ಅಳೆಯೋ ಸ್ಪ್ಯಾನರ್ ಟಕ್ ಅಂದ್ರೆ ಸಾಕು. ಬೋಲ್ಟ್ ನಂಗೆ ಬಿಡು, ನೀನು ಹೋಗಿ ಪದ್ಯ ಓದು ಅಕ್ಕಾ" ಎಂದು ನಕ್ಕು, ಹಳೆಯವನ್ನೇ ಹಾಕಿ ಬಿಗಿದೆ. ಈಗ ಫೋನೂ ಎತ್ತುತ್ತಿಲ್ಲ.

ನೀನು ಇಂಜಿನ್ ಜೋಡಿಸಿದ ಆ ಲಾರಿ ನಾಳೆ ಲೋಡು ಹೊತ್ತು ಬೆಟ್ಟ ಹತ್ತಬೇಕು. ಹಿಗ್ಗಿದ ಬೋಲ್ಟು ಟಕ್ ಅಂದ ಮೇಲೂ ಸಡಿಲಾಗಬಹುದು. ಏರಿನಲ್ಲಿ ಇಂಜಿನ್ನಿನ ಮೇಲಿನ ಹೆಡ್ಡನ್ನು ಒತ್ತಿ ಹಿಡಿದ ಆ ಬೋಲ್ಟುಗಳು ಹಿಡಿತ ಬಿಟ್ಟರೆ ಒಳಗಿನ ನೀರು ಕುದಿದು ಇಂಜಿನ್ ನಡುದಾರಿಯಲ್ಲೇ ನಿಂತುಬಿಡುತ್ತದೆ. ದಯವಿಟ್ಟು ಹೆಡ್ ಇನ್ನೊಮ್ಮೆ ಬಿಚ್ಚು. ಹೆಡ್ಡಿನ ಕೆಳಗೆ ಹಾಕುವ ಹೊಸ ಗ್ಯಾಸ್ಕೆಟ್ ಹಾಳೆ ತಂದು, ಹೊಸ ಬೋಲ್ಟುಗಳ ಜೊತೆ ನಿನ್ನ ಸಲಕರಣೆ ಪೆಟ್ಟಿಗೆಯ ಮೇಲಿಟ್ಟಿದ್ದೇನೆ. ದೀಪ ಹಿಡಿಯಲು ಬರುತ್ತೇನೆ, ಮಾತಾಡುವುದಿಲ್ಲ.

ನಿನ್ನ
ಅಕ್ಕ

ಅಕ್ಕ ಪತ್ರ ಮಡಚುತ್ತಿದ್ದಾಗ ಪಕ್ಕದ ಮನೆಯಾಕೆ, ಆ ಲಾರಿ ಡ್ರೈವರನ ಹೆಂಡತಿ, ಬಾಗಿಲಿಗೆ ಬಂದಳು. "ನಿಮ್ಮ ತಮ್ಮ ಬಿಗಿದ ಇಂಜಿನ್ ಅಂತ ನಮ್ಮನೆಯವರಿಗೆ ಎಷ್ಟು ಧೈರ್ಯ ನೋಡಿ ಅಕ್ಕಾ, ನಾಳೆ ಮಗಳನ್ನೂ ಕೂರಿಸ್ಕೊಂಡು ಹೋಗ್ತಾರಂತೆ," ಅಂದಳು.